ಬೀರವ್ವನ ಪಟ್ಟಿ, ಹಾಲವ್ವನ ತೋಳು

ಮಗಿ ಮಳೆ ಎರಡು ದಿನ ಜಿಟಿಜಿಟಿ ಹಿಡಿದು ಬಿಟ್ಟಿತ್ತು. ಹುಲ್ಲತ್ತಿಹಾಳದ ಎರೆ ಹೊಲಗಳಲ್ಲಿ ಬೀಜದ ಹತ್ತಿ ಸೊಂಟದೆತ್ತರ ಬೆಳೆದಿತ್ತು. ಕ್ರಾಸಿಂಗ್ ಕೆಲಸ ಶುರುವಾಗಿ ಅಂದಿಗೆ ಆರನೇ ದಿನ. ಹೊತ್ತು ನೆತ್ತಿಯಿಂದ ಸರಿದ ಮೇಲೆ ಏಳು ಮಂದಿ ಹೆಂಗಸರು ಸಾಲು ಹಿಡಿದು, ನಾಳೆ ಅರಳಬೇಕಾದ ಮೊಗ್ಗುಗಳನ್ನು ಇವತ್ತೇ ಹುಡುಕಿ ಹಿಡಿಯುತ್ತಿದ್ದರು. ಹೆಬ್ಬೆರಳಿನ ಉಗುರಿನಿಂದ ಎಸಳನ್ನು ಸುತ್ತ ಸೀಳಿ, ಒಳಗಿನ ಗಂಡುಕೇಸರವನ್ನು ಟೊಪ್ಪಿಗೆ ತೆಗೆದ ಹಾಗೆ ಒಂದೇ ಎಳೆತಕ್ಕೆ ಕಳಚಿ ನೆಲಕ್ಕೆ ಒಗೆಯಬೇಕು. ಉಳಿದ ಹೆಣ್ಣುಭಾಗಕ್ಕೆ ಕೆಂಪು ಕಾಗದದ ಕೊಳವೆ ತೊಡಿಸಬೇಕು. ಮಾರನೇ ಬೆಳಿಗ್ಗೆ ಬೇರೆ ತಳಿಯ ಗಂಡುಹೂವು ತಂದು ಅದಕ್ಕೆ ಸವರಿ ಬಿಳಿ ದಾರ ಕಟ್ಟಬೇಕು. ಹನ್ನೆರಡು ಗಂಟೆ ದಾಟಿತೋ, ಆ ಹೂವು ಯಾರ ಮಾತನ್ನೂ ಕೇಳುವುದಿಲ್ಲ.

"ಎಷ್ಟ್ ಗಂಡಸ್ತನ ಕಿತ್ತು ಒಗದೆವೋ ಏನೋ ಇವತ್ತ," ಎಂದಳು ಬೀರವ್ವ, ಉಗುರಿನ ಹಳದಿ ಪುಡಿ ಸೀರೆಗೆ ಒರೆಸುತ್ತ.

"ನಿನ್ನ ಗಂಡನ ಮುಂದ ಈ ಮಾತ ಆಡಬ್ಯಾಡ. ಹೆದರಿ ಕಟ್ಟಿ ಮ್ಯಾಲ ಮಲಗ್ಯಾನು," ಎಂದಳು ಪಕ್ಕದ ಸಾಲಿನಿಂದ ಹಾಲವ್ವ.

"ಮಲಗಾಕ ಬಿಡಂಗಿಲ್ಲವ್ವ ಈಗ. ಮುಂಜಾನಿ ಸೆಂಟರಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದೀನಿ. ತೆರಿ ಅಂತ."

ಉಳಿದ ಆರೂ ಮಂದಿ ಓ ಎಂದು ಕೂಗಿದರು. ಬೀರವ್ವ ನಕ್ಕಳು, ಆಮೇಲೆ ತಲೆ ತಗ್ಗಿಸಿದಳು. ಮದುವೆಯಾಗಿ ಆರು ವರ್ಷದಲ್ಲಿ ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿದುಹೋಗಿತ್ತು. ಮೈ ಚೇತರಿಸಿಕೊಳ್ಳಲಿ ಎಂದು ಡಾಕ್ಟರು ಎರಡು ವರ್ಷ ಬಸಿರಿಗೆ ತಡೆ ಹಾಕಿಸಿದ್ದರು. ಆ ಎರಡು ವರ್ಷ ಮೊನ್ನೆ ತುಂಬಿತ್ತು.

ಸಂಜೆ ಕೆಲಸ ಬಿಟ್ಟ ಮೇಲೆ ಎಲ್ಲರೂ ಬದುವಿನ ಜಾಲಿ ಗಿಡದ ಹತ್ತಿರ ಬಂದರು. ಬಳೆ ತಾಗಿದರೆ ಮೊಗ್ಗು ಉದುರುತ್ತದೆಂದು ಕ್ರಾಸಿಂಗಿಗೆ ಇಳಿಯುವಾಗ ಬಳೆ ಬಿಚ್ಚಿ ಗಿಡದ ಟೊಂಗೆಗೆ ತೂಗುಹಾಕುವುದು ಮೊದಲಿನಿಂದ ಬಂದ ರೂಢಿ. ಈಗ ಅದರ ಜೊತೆ, ಬಸಿರು ತಡೆಯಲು ಸರಕಾರ ಕೊಟ್ಟ ತೋಳಿನ ಪಟ್ಟಿಯೂ ಸೇರಿತ್ತು. ಔಷಧಿ ಹೊಡೆದ ಎಲೆಯ ರಸ ಬೆವರಿನಲ್ಲಿ ಕಲೆತು ಪಟ್ಟಿಯ ಅಡಿ ಇಳಿದರೆ ಬೊಕ್ಕೆ ಏಳುತ್ತಿತ್ತು. ಆರು ತಾಸು ಬಿಚ್ಚಿಟ್ಟರೆ ಏನೂ ಆಗುವುದಿಲ್ಲವೆಂದು ಸರಕಾರದವರೇ ಹೇಳಿದ್ದರು. ಇನ್ನು, ಬಿಚ್ಚಿದ ಬಳೆಯನ್ನು ಮುತ್ತೈದೆ ತಾನೇ ಏರಿಸಿಕೊಳ್ಳುವುದಿಲ್ಲ, ಇನ್ನೊಬ್ಬ ಮುತ್ತೈದೆ ಏರಿಸಬೇಕು. ಹೊಲದೊಡತಿ ಸಾವಂತ್ರವ್ವ, ಬೀರವ್ವನ ಅತ್ತೆ, ಆ ಕೆಲಸಕ್ಕೆ ಕೂತಳೆಂದರೆ ಅವಳ ಮುಖವೇ ಬೇರೆಯಾಗುತ್ತಿತ್ತು. ಒಬ್ಬೊಬ್ಬರ ಕೈ ಹಿಡಿದು ಬಳೆ ಏರಿಸಿ, ತೋಳಿಗೆ ಪಟ್ಟಿ ಕಟ್ಟಿ, ಗಲ್ಲ ಸವರಿ ಕಳಿಸುವಳು. ಬಳೆಗಳ ಬಣ್ಣ ಬೇರೆಬೇರೆ. ಪಟ್ಟಿಗಳೆಲ್ಲ ಒಂದೇ ಬೂದಿಬಣ್ಣ. ಒಳಮೈಯಲ್ಲಿ ಸಾಸಿವೆಯಷ್ಟು ಸಣ್ಣ ನಂಬರು ಇತ್ತು. ಅದನ್ನು ಓದುವ ಕಣ್ಣು ಸಾವಂತ್ರವ್ವನಿಗೆ ಇರಲಿಲ್ಲ, ಓದಬೇಕೆಂದು ಯಾರೂ ಹೇಳಿಯೂ ಇರಲಿಲ್ಲ.

"ಎಲ್ಲಾ ಒಂದ ಸರಕಾರದ್ದು, ತಾ ಇಲ್ಲಿ ತೋಳ," ಎಂದು ಕೈಗೆ ಸಿಕ್ಕಿದ್ದನ್ನು ಕಟ್ಟಿದಳು. ಹಾಗೆ ಅಂದು ಸಂಜೆ ಬೀರವ್ವನ ಪಟ್ಟಿ ಹಾಲವ್ವನ ತೋಳಿಗೆ ಬಂತು.

ಹಾಲವ್ವ ಆ ಪಟ್ಟಿಯನ್ನು ಸುಮ್ಮನೆ ತೊಟ್ಟವಳಲ್ಲ. ಎರಡನೇ ಮಗಳು ಹುಟ್ಟುವಾಗ ಅವಳ ಎದೆಯ ರೋಗ ಬಯಲಾಗಿತ್ತು. ಸಣ್ಣಂದಿನಲ್ಲಿ ಕೀಲುನೋವಿನ ಜ್ವರ ಬಂದು, ಅದು ಹೃದಯದ ಒಂದು ಕವಾಟವನ್ನು ಗಟ್ಟಿಮಾಡಿ ಹೋಗಿತ್ತು. ಹೆರಿಗೆಯ ದಿನ ಮಲಗಲಾಗದೆ, ಕೂತೇ ಉಸಿರೆಳೆದು ಉಸಿರೆಳೆದು ತುಟಿ ನೇರಳೆಯಾದವು. ಮೂರನೆಯದು ನಿಂತರೆ ನಮ್ಮ ಕೈಯಲ್ಲಿ ಇಲ್ಲ ಎಂದಿದ್ದರು ಡಾಕ್ಟರು.

ಆಗ ಉಪಕೇಂದ್ರದ ಲೀಲಾಬಾಯಿ ಸಿಸ್ಟರ್ ಮನೆಗೇ ಬಂದು, ಚಾಪೆಯ ಮೇಲೆ ಒಂದೊಂದನ್ನೇ ಇಟ್ಟು ಹೇಳಿದ್ದಳು. ಮಾತ್ರೆಯಲ್ಲಿ ಎರಡು ಥರ. ರಕ್ತ ಹೆಪ್ಪುಗಟ್ಟಿಸುವ ಥರದ್ದು ಈ ಎದೆಗೆ ಬೇಡ. ಕಾಪರ್-ಟಿ ಹತ್ತು ವರ್ಷ ಬರುತ್ತದೆ, ಆದರೆ ಮುಟ್ಟು ಜಾಸ್ತಿಯಾಗಬಹುದು, ನಿನ್ನ ಮೈಯಲ್ಲಿ ರಕ್ತವೇ ಇಲ್ಲ. ಸೂಜಿ ಮೂರು ತಿಂಗಳಿಗೊಮ್ಮೆ, ತಪ್ಪಿಸಬಾರದು. ನಿರೋಧ್ ಗಂಡನ ನೆನಪಿನ ಮೇಲೆ. ಹೆಂಗಸಿನ ಆಪರೇಶನ್ ಅಂದರೆ ಅರಿವಳಿಕೆ, ಅದನ್ನು ನಿನ್ನ ಎದೆ ತಡೆಯಬೇಕು.

"ಗಂಡಸಿಂದು ಎಲ್ಲಾದಕ್ಕಿಂತ ಹಗುರ. ಹತ್ತು ನಿಮಿಷ. ಹೊಲಿಗಿನೂ ಇಲ್ಲ," ಎಂದು ಅವಳು ಹಾಲವ್ವನ ಗಂಡನ ಕಡೆ ನೋಡಿದಳು.

ಗುಡ್ಡಪ್ಪ ಬೋರ್‌ವೆಲ್ಲಿನ ಮೋಟಾರು ಎತ್ತಿ ಇಳಿಸುವ ಗ್ಯಾಂಗಿನವನು. ನಾಕು ನೂರು ಅಡಿ ಪೈಪು ಎಳೆಯುವ ತೋಳು ಅವನದು. ಆ ಮಾತಿಗೆ ಅವನು ಎದ್ದು, ದನಕ್ಕೆ ನೀರು ಕುಡಿಸಬೇಕೆಂದು ಹೊರಗೆ ಹೋದ. ದನ ಮುಂಜಾನೆಯೇ ಕುಡಿದಿದ್ದವು.

ಉಳಿದದ್ದು ಹೊಸ ಕಡ್ಡಿ. ಬೆಂಕಿಕಡ್ಡಿಯಷ್ಟೇ ಉದ್ದ, ತೋಳಿನ ಒಳಮೈಯಲ್ಲಿ ಚರ್ಮದ ಅಡಿ ಇಡುವುದು. ಅದರೊಳಗೆ ಐದು ವರ್ಷದ ಔಷಧಿ. ಹಳೆಯ ಕಡ್ಡಿಯ ಹಾಗೆ ಇದು ಒಂದೇ ಸಮ ಸೋರುವುದಿಲ್ಲ. ಮೇಲೆ ಕಟ್ಟಿದ ಪಟ್ಟಿ ಹೇಳಿದಂತೆ ನಡೆಯುತ್ತದೆ, ಒಮ್ಮೆ ಹೇಳಿದರೆ ಮುಂದಿನ ಆಜ್ಞೆ ಬರುವತನಕ ಹಾಗೇ ಉಳಿಯುತ್ತದೆ. ಮುಚ್ಚು ಎಂದರೆ ಔಷಧಿ ಬಿಟ್ಟು ಬಸಿರಿನ ಬಾಗಿಲು ಮುಚ್ಚುತ್ತದೆ, ತೆರೆ ಎಂದರೆ ಔಷಧಿ ನಿಲ್ಲಿಸುತ್ತದೆ. ಹೆಣ್ಣು ಉಪಕೇಂದ್ರದಲ್ಲಿ ಹೆಬ್ಬೆಟ್ಟು ಒತ್ತಿದರೆ ಆ ಆಜ್ಞೆ ಜಿಲ್ಲೆಯ ನಿಯಂತ್ರಣ ಕೋಣೆಗೆ ಹೋಗಿ, ಮಾರನೇ ನಸುಕಿಗೆ ಅವಳ ಪಟ್ಟಿಗೆ ಬರುತ್ತದೆ.

"ಕೊಯ್ಯೂದಿಲ್ಲ, ನೆನಪಿಡೂದಿಲ್ಲ, ಯಾರನ್ನೂ ಕೇಳೂದಿಲ್ಲ. ನಿನ್ನ ಹೆಬ್ಬೆಟ್ಟ ನಿನ್ನ ಕೀಲಿ," ಎಂದಿದ್ದಳು ಲೀಲಾಬಾಯಿ. ಹಾಲವ್ವ ಎರಡು ರಾತ್ರಿ ಯೋಚಿಸಿ, ಯಾರನ್ನೂ ಕೇಳೂದಿಲ್ಲ ಎಂಬ ಮಾತಿಗೆ ಒಪ್ಪಿದ್ದಳು.

*

ಜಿಲ್ಲಾ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ತಸ್ಲೀಮಾ ಎಂಬ ಹುಡುಗಿ ಮೂರು ತಾಲ್ಲೂಕಿನ ಹೆಂಗಸರನ್ನು ಗೆರೆಗಳಾಗಿ ನೋಡುತ್ತಿದ್ದಳು. ಪ್ರತಿ ಹೆಸರಿನ ಮುಂದೆ ಮೈ ಕಾವಿನದೊಂದು ಗೆರೆ, ನಾಡಿಯದೊಂದು ಗೆರೆ, ಕಡ್ಡಿ ಮುಚ್ಚಿದೆಯೋ ತೆರೆದಿದೆಯೋ ತೋರಿಸುವ ಒಂದು ಚುಕ್ಕೆ.

ಉತ್ತರಿ ಮಳೆ ಮುಗಿಯುವ ಹೊತ್ತಿಗೆ ಹುಲ್ಲತ್ತಿಹಾಳದ ಏಳು ಹೆಸರುಗಳಲ್ಲಿ ಒಂದು ವಿಚಿತ್ರ ಅವಳ ಕಣ್ಣಿಗೆ ಬಿತ್ತು. ಒಂದು ನಾಡಿ ಇತ್ತು. ನಾಕು ಬಡಿತ ಸರಿಯಾಗಿ ಹೋಗಿ ಐದನೆಯದಕ್ಕೆ ಮುಗ್ಗರಿಸುವಂಥದ್ದು. ಸೋಮವಾರ ಅದು ಒಬ್ಬಳ ಹೆಸರಿನಲ್ಲಿತ್ತು, ಮಂಗಳವಾರ ಇನ್ನೊಬ್ಬಳ ಹೆಸರಿನಲ್ಲಿ, ಗುರುವಾರ ಮೂರನೆಯವಳಲ್ಲಿ. ಮುಗ್ಗರಿಸುವ ಎದೆಯೊಂದು ಮನೆಯಿಂದ ಮನೆಗೆ ಅಲೆಯುವ ಹಾಗೆ.

"ಸೆನ್ಸರ್ ತಪ್ಪು. ಕೆಸರು, ಬೆವರು," ಎಂದರು ಮೇಲಿನವರು.

ತಸ್ಲೀಮಾಳಿಗೆ ಸಮಾಧಾನವಾಗಲಿಲ್ಲ. ದಾಖಲೆ ತೆಗೆದು ನೋಡಿದರೆ ಕವಾಟದ ರೋಗವಿದ್ದವಳು ಏಳರಲ್ಲಿ ಒಬ್ಬಳೇ. ಪಟ್ಟಿಗಳು ದಿನಾ ಅದಲುಬದಲಾಗುತ್ತಿವೆ ಎಂದು ಅವಳಿಗೆ ಹೊಳೆದದ್ದು ಆಗ. ಪಟ್ಟಿಯೊಂದು ತನ್ನ ಕಡ್ಡಿಯ ಜೊತೆ ಮಾತ್ರ ಮಾತಾಡುವ ಹಾಗೆ ಮೊದಲು ಮಾಡಿದ್ದರು. ಮಳೆಗಾಲದಲ್ಲಿ ನೀರು ಹೊಕ್ಕು ಕೆಟ್ಟ ಪಟ್ಟಿಗಳನ್ನು ಬದಲಿಸುವುದು ಕಷ್ಟವಾಯಿತೆಂದು, ಯಾವ ಪಟ್ಟಿ ಯಾವ ಕಡ್ಡಿಯ ಜೊತೆಗಾದರೂ ಮಾತಾಡಲಿ ಎಂದು ಹೋದ ವರ್ಷ ಸಡಿಲ ಬಿಟ್ಟಿದ್ದರು. ಆ ಸಭೆಯಲ್ಲಿ ಅವಳೂ ಕೂತಿದ್ದಳು, ಅನುಕೂಲವೇ ಎಂದು ತಲೆಯಾಡಿಸಿದ್ದಳು.

ಮುಗ್ಗರಿಸುವ ನಾಡಿ ಯಾವ ದಿನ ಯಾರ ಹೆಸರಿನಲ್ಲಿತ್ತೋ ಆ ದಿನದ ಕಾವನ್ನು ಕತ್ತರಿಸಿ, ಒಂದಕ್ಕೊಂದು ಜೋಡಿಸಿ, ಹಾಲವ್ವನ ಗೆರೆಯನ್ನು ಅವಳು ಮತ್ತೆ ಹೊಲಿದಳು. ಕ್ರಾಸಿಂಗಿನ ಏಳನೇ ದಿನ ನಸುಕಿಗೆ ಬೀರವ್ವನ ಪಟ್ಟಿಗೆ ತೆರೆ ಎಂಬ ಆಜ್ಞೆ ಹೋಗಿತ್ತು. ಆ ನಸುಕಿಗೆ ಆ ಪಟ್ಟಿಯ ಕೆಳಗಿದ್ದ ನಾಡಿ ಮುಗ್ಗರಿಸುತ್ತಿತ್ತು.

ಎರಡು ವಾರದ ನಂತರ ಗೆರೆ ಅರ್ಧ ಡಿಗ್ರಿ ಏರಿತ್ತು. ಅಂಡ ಬಿಡುಗಡೆಯಾದಾಗ ಹೆಣ್ಣಿನ ಮೈ ಹಾಗೆ ಏರುತ್ತದೆ. ಬಸಿರು ನಿಲ್ಲದಿದ್ದರೆ ಹದಿನಾಕು ದಿನಕ್ಕೆ ಇಳಿಯುತ್ತದೆ. ತಸ್ಲೀಮಾ ಬೆರಳಿಟ್ಟು ಎಣಿಸಿದಳು. ಹದಿನಾರು, ಹದಿನೇಳು, ಹದಿನೆಂಟು, ಹತ್ತೊಂಬತ್ತು. ಇಳಿದಿರಲಿಲ್ಲ.

ಹಾಲವ್ವನಿಗೆ ಇದು ಗೊತ್ತಾಗಲು ದಾರಿಯೇ ಇರಲಿಲ್ಲ. ಕಡ್ಡಿ ಇಟ್ಟಂದಿನಿಂದ ಮುಟ್ಟು ನಿಂತಿತ್ತು. ಆಗದಿರುವುದೇ ಅವಳಿಗೆ ಕ್ಷೇಮದ ಗುರುತು. ಎಪ್ಪತ್ತು ಕಿಲೋಮೀಟರು ದೂರದಲ್ಲಿ, ಆ ಹೆಂಗಸಿನ ಮುಖವನ್ನೇ ನೋಡದ ತನಗೆ ಮೊದಲು ತಿಳಿಯಿತಲ್ಲ ಎಂದುಕೊಳ್ಳುತ್ತ ತಸ್ಲೀಮಾ ಮತ್ತೊಮ್ಮೆ ಎಣಿಸಿದಳು. ಯಾರ ಅಪ್ಪಣೆಯನ್ನೂ ಕೇಳದೆ ಲೀಲಾಬಾಯಿಗೆ ಫೋನು ಹಚ್ಚಿದಳು.

*

ಹಾಲವ್ವ ರೊಟ್ಟಿ ತಟ್ಟುತ್ತಿದ್ದಳು. ದೊಡ್ಡ ಮಗಳು ಸಾಲಿಗೆ, ಸಣ್ಣವಳು ಅಂಗನವಾಡಿಗೆ ಹೋಗಿಯಾಗಿತ್ತು. ಲೀಲಾಬಾಯಿ ಸ್ಕೂಟರು ನಿಲ್ಲಿಸಿ ಒಳಗೆ ಬಂದು, ಚಹಾ ಬೇಡವೆಂದು ಕೂತಳು. ಲೀಲಾಬಾಯಿ ಚಹಾ ಬೇಡವೆಂದದ್ದು ಹಾಲವ್ವ ಎಂದೂ ಕಂಡಿರಲಿಲ್ಲ.

"ಈ ನಡುವ ಮೆಟ್ಟಲ ಹತ್ತಿದ್ರ ದಮ್ಮು ಹತ್ತತೈತೇನ?"

"ಒಂದೀಟು. ಹೊಲದಾಗ ಬಾಗಿ ಏಳೂದಲ್ಲರೀ."

"ಇದರಾಗ ನಾಕ ಹನಿ ಉಚ್ಚಿ ಹಿಡಕೊಂಡ ಬಾ."

ಪರೀಕ್ಷೆಯ ಕಾಗದದಲ್ಲಿ ಎರಡು ಗೆರೆ ಮೂಡಿದವು. ಹಾಲವ್ವ ಮೊದಲು ನಕ್ಕಳು. "ನಿಮ್ಮ ಕಾಗದ ತಪ್ಪಿರಬೇಕು ಸಿಸ್ಟರ್. ನಂದು ಮುಚ್ಚೇತಿ. ನಾ ಹೆಬ್ಬೆಟ್ಟ ಒತ್ತಿಲ್ಲ. ನನ್ನ ಹೆಬ್ಬೆಟ್ಟ ನನ್ನ ಕೈಯಾಗ ಐತಿ ನೋಡ್ರಿ," ಎಂದು ಹಿಟ್ಟು ಮೆತ್ತಿದ ಹೆಬ್ಬೆರಳು ಎತ್ತಿ ತೋರಿಸಿದಳು. ಲೀಲಾಬಾಯಿ ಪಟ್ಟಿಯ ಸಂಗತಿಯನ್ನೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದಿತು. ಇಬ್ಬರೂ ಅದನ್ನು ತೆಗೆಯಲಿಲ್ಲ.

ಆಮೇಲೆ ಹಾಲವ್ವ ಕೂತಲ್ಲೇ ತೋಳಿನ ಒಳಮೈ ಒತ್ತಿ ನೋಡಿಕೊಂಡಳು. ಚರ್ಮದಡಿ ಕಡ್ಡಿ ಬೆರಳಿಗೆ ಸಿಕ್ಕಿತು, ಅತ್ತ ಸರಿಯಿತು, ಇತ್ತ ಸರಿಯಿತು. ಐದು ವಾರ ಇದು ಇನ್ನೊಬ್ಬರ ಮಾತು ಕೇಳಿಕೊಂಡು ತನ್ನ ಮೈಯೊಳಗೇ ಇತ್ತು. ಈಗಲೂ ಯಾರ ಮಾತು ಕೇಳುತ್ತಿದೆಯೋ. ಪಟ್ಟಿಯನ್ನು ಹರಿದು ಒಗೆದಳು. ಒಗೆದರೂ ಕಡ್ಡಿ ಒಳಗೇ ಇತ್ತು.

ಗುಡ್ಡಪ್ಪ ಊಟಕ್ಕೆ ಬಂದಾಗ ಅವಳು ಬಾಗಿಲಲ್ಲೇ ಹೇಳಿದಳು. ಅವನು ಕಿವಿ ಕೇಳದವನ ಹಾಗೆ ನಿಂತ. ಹೋದ ಸಲ ಆಸ್ಪತ್ರೆಯ ಹೊರಗೆ ಕೂತು, ಒಳಗಿನಿಂದ ಅವಳ ಉಸಿರಿನ ಸದ್ದು ಗರಗಸದ ಹಾಗೆ ಬರುವುದನ್ನು ಕೇಳಿದವನು ಅವನು.

"ಈ ಸಲ ಆಕ್ಕೈತೇನ?" ಎಂದು ಕೇಳಿದ. ಉಳಿಯುತ್ತೀಯೇನು ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ.

*

ತಾಲ್ಲೂಕು ಆಸ್ಪತ್ರೆಯ ಡಾಕ್ಟರಮ್ಮ ಸ್ಕ್ಯಾನು ನೋಡಿ ಕಾಗದದ ಮೇಲೆ ಒಂದು ಹೃದಯ ಬರೆದು ತೋರಿಸಿದಳು. "ಬಸಿರು ಬೆಳೆದ ಹಾಗೆ ಮೈಯೊಳಗಿನ ರಕ್ತ ಒಂದೂವರೆಪಟ್ಟು ಆಗುತ್ತದೆ. ಎಲ್ಲಾ ಈ ಕಿಂಡಿಯಿಂದಲೇ ಹೋಗಬೇಕು. ಕಿಂಡಿ ದೊಡ್ಡದಾಗುವುದಿಲ್ಲವಮ್ಮ. ಹೋದ ಸಲಕ್ಕಿಂತ ಸಣ್ಣದಾಗಿದೆ. ಈಗ ಐದು ವಾರ. ಈಗಾದರೆ ಸುಲಭ, ಕಾನೂನೂ ಇದೆ. ಇಲ್ಲೇ ಎರಡು ದಿನ ಇಟ್ಟುಕೊಂಡು ನೋಡುತ್ತೇನೆ. ತಡ ಮಾಡಿದಷ್ಟೂ ನಿನ್ನ ಎದೆಗೆ ಕಷ್ಟ. ಆದರೆ ಒಪ್ಪಿಗೆ ನಿನ್ನದು. ಗಂಡನದೂ ಅಲ್ಲ, ನನ್ನದೂ ಅಲ್ಲ."

ಹಾಲವ್ವ ಶುಕ್ರವಾರ ಬರುತ್ತೇನೆಂದು ಹೇಳಿ ಬಂದಳು. ಊರಿನಲ್ಲಿ ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟಿತ್ತು. ಉಳಿದ ಆರೂ ಹೆಂಗಸರನ್ನು ಉಪಕೇಂದ್ರಕ್ಕೆ ಕರೆದು ಪಟ್ಟಿ ಕಸಿದುಕೊಂಡಿದ್ದರು.

ಗುರುವಾರ ಮಧ್ಯಾಹ್ನ ಬೀರವ್ವ ಬಂದಳು. ಬೆನ್ನ ಹಿಂದೆ ಸಾವಂತ್ರವ್ವ. ಮುದುಕಿ ಹೊಸ್ತಿಲು ದಾಟದೆ ಹೊರಗೇ ಕುಕ್ಕರಗಾಲಲ್ಲಿ ಕೂತು, ತನ್ನ ಎರಡೂ ಅಂಗೈಗಳನ್ನು ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದಳು.

ಬೀರವ್ವ ಒಳಗೆ ಬಂದವಳು ಹಾಲವ್ವನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದಳು.

"ಐದ ವಾರ ನಾ ಖಾರ ತಿಂದಿಲ್ಲ. ಭಾರ ಎತ್ತಿಲ್ಲ. ದಿನಾ ಮುಂಜಾನಿ ಎದ್ದು ಕೈ ಮುಗದೀನಿ. ನಂದು ಮುಚ್ಚೇ ಇತ್ತಂತ. ನಾ ಬೇಡಿದ್ದು ನಿನ್ನ ಮನೀಗೆ ಬಂದೈತಿ."

"ನಾ ಕರದಿಲ್ಲವ್ವ ಬೀರಿ."

"ಕರದಿಲ್ಲ, ಖರೆ. ಬಂದದ್ದನ್ನ ಕಳಸತೀ ಅಂತಲ್ಲ."

ಹಾಲವ್ವ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

ಬೀರವ್ವ ಇನ್ನೂ ಹತ್ತಿರ ಸರಿದಳು. ದನಿ ತಗ್ಗಿತು. "ಹೆತ್ತು ನನಗ ಕೊಡ. ಒಂಬತ್ತ ತಿಂಗಳು ನೀ ಹಾಸಿಗಿ ಬಿಟ್ಟು ಏಳಬ್ಯಾಡ. ನಿನ್ನ ಹೊಲ, ನಿನ್ನ ಮನಿ, ಹುಡಿಗ್ಯಾರ ತಲಿ ಬಾಚೂದು, ಎಲ್ಲಾ ನಾ ಮಾಡತೀನಿ. ದೊಡ್ಡ ಊರಾಗ ದೊಡ್ಡ ದವಾಖಾನಿ ಅದಾವಂತ."

"ಡಾಕ್ಟರ್ ಕಿಂಡಿ ಬರದ ತೋರಿಸ್ಯಾರ. ನಾ ಉಳಿಯಂಗಿಲ್ಲ."

"ಎರಡನೇದಕ್ಕೂ ಹಂಗ ಅಂದಿದ್ರು. ಉಳದೆಲ್ಲ!"

ಆ ಮಾತು ಆಡಿದ ಮೇಲೆ ಅದು ಹೆಚ್ಚಾಯಿತೆಂದು ಬೀರವ್ವನಿಗೇ ಗೊತ್ತಾಯಿತು. ಆದರೆ ಅವಳು ನಿಲ್ಲಲಿಲ್ಲ. ಎರಡನೇ ಹೆರಿಗೆಯಾದಾಗ ಹಾಲವ್ವ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಅವಳ ಹೊಲದಲ್ಲಿ ಕ್ರಾಸಿಂಗ್ ತುಂಬು ಭರದಲ್ಲಿತ್ತು. ಆ ಹನ್ನೊಂದು ಬೆಳಿಗ್ಗೆ ಬೀರವ್ವ ತನ್ನ ಹೊಲ ಬಿಟ್ಟು ಹಾಲವ್ವನ ಹೂವು ಸವರಿದ್ದಳು. ಈ ಕಡೆ ಇದಕ್ಕೆ ಮುಯ್ಯಿ ಎನ್ನುತ್ತಾರೆ. ಆಳಿಗೆ ಪ್ರತಿಯಾಗಿ ಆಳು, ದಿನಕ್ಕೆ ಪ್ರತಿಯಾಗಿ ದಿನ. ಹಾಲವ್ವ ತೀರಿಸಲು ಹೋದಾಗಲೆಲ್ಲ, ಗಟ್ಟಿಮುಟ್ಟಾಗು ಮೊದಲು ಎಂದು ಬೀರವ್ವ ಮುಂದೂಡಿದ್ದಳು.

"ಹನ್ನೊಂದ ದಿನದ ಮುಯ್ಯಿ ಐತಿ ನಿನ್ನ ಮ್ಯಾಲ. ಎಂದೂ ಕೇಳಿಲ್ಲ. ಈಗ ಕೇಳತೀನಿ."

ಹಾಲವ್ವನಿಗೆ ಸಾವಿನ ಅಂಜಿಕೆ ಐದು ದಿನದಿಂದ ಇತ್ತು, ಅದು ಪರಿಚಯದ್ದು. ಇದು ಬೇರೆ ಅಂಜಿಕೆ. ಒಂದೇ ಬುತ್ತಿಯಲ್ಲಿ ಉಂಡ ಗೆಳತಿ ತನ್ನನ್ನು ನೋಡುತ್ತಿರುವ ರೀತಿಯಲ್ಲಿ, ತಾನು ಅಲ್ಲಿ ಇರಲೇ ಇಲ್ಲ. ಒಂದು ಕಾಯಿ ಇತ್ತು, ಅದರ ಸುತ್ತ ಒಂದು ಗಿಡ ಇತ್ತು, ಅಷ್ಟೇ.

"ನನ್ನ ಎರಡು ಹುಡಿಗ್ಯಾರು ಅದಾವ ಬೀರಿ," ಎಂದಳು. "ಹನ್ನೊಂದ ದಿನಾ ಕೇಳು, ಹನ್ನೊಂದ ವರ್ಷ ಕೇಳು, ನಿನ್ನ ಹೊಲದಾಗ ದುಡೀತೀನಿ. ಜೀವ ಕೇಳಬ್ಯಾಡ."

ಹೊರಗಿನಿಂದ ಸಾವಂತ್ರವ್ವ ಒಮ್ಮೆಲೇ ಅಂದಳು: "ಏಳ ಬೀರವ್ವ. ತಪ್ಪು ನನ್ನ ಕೈದು. ನನ್ನ ಕೈ ಕೊಯ್ಯಿ ಬೇಕಾದ್ರ. ಆಕೀನ ಬಿಡು."

ಬೀರವ್ವ ಎದ್ದಳು. ಅತ್ತೆಯ ಕೈ ಹಿಡಿದು ಎಬ್ಬಿಸಲೂ ಇಲ್ಲ. ದಾಟಿ ಹೋದಳು.

*

ಶುಕ್ರವಾರ ಗುಡ್ಡಪ್ಪ ಹೆಂಡತಿಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಗಾಡಿ ಹೊಡೆದುಕೊಂಡು ಹೋದ. ಎರಡು ದಿನ ಹಾಲವ್ವ ಬಾಟಲಿಯ ಹನಿ ಎಣಿಸುತ್ತ ಮಲಗಿದಳು. ಎದೆಯ ಮೇಲೆ ತಂತಿ ಅಂಟಿಸಿದ್ದರು. ಪಕ್ಕದ ಯಂತ್ರದಲ್ಲಿ ಅವಳ ಬಡಿತ ಮುಗ್ಗರಿಸಿದಾಗಲೆಲ್ಲ ಗುಡ್ಡಪ್ಪ ಕುರ್ಚಿಯಿಂದ ಅರ್ಧ ಎದ್ದು ಕೂರುತ್ತಿದ್ದ. ಎರಡನೇ ದಿನ ಸಂಜೆಗೆ ಎಲ್ಲ ಮುಗಿದು, ಉಸಿರು ತನ್ನ ದಾರಿಗೆ ಬಂತು. ಅವಳು ಅತ್ತಳು. ಯಾಕೆಂದು ಯಾರೂ ಕೇಳಲಿಲ್ಲ, ಅವಳೂ ತನ್ನನ್ನು ಕೇಳಿಕೊಳ್ಳಲಿಲ್ಲ.

ಅಂದೇ ತಸ್ಲೀಮಾ ಫೋನು ಮಾಡಿದಳು. ತಾನು ಯಾರೆಂದು ಮೊದಲು ಹೇಳಿದಳು. "ಅಕ್ಕಾರೀ, ಇನ್ನ ಮ್ಯಾಲ ಪ್ರತಿ ಪಟ್ಟಿಗೂ ಒಂದ ಕಡ್ಡಿ ಅಂತ ಮತ್ತ ಬಿಗಿ ಮಾಡ್ಯಾರ. ಹೊಸ ಪಟ್ಟಿ ಕಳಿಸಿ ನಿಮ್ಮದನ್ನ ಇಲ್ಲಿಂದ ಮುಚ್ಚಿಕೊಡತೀನಿ."

"ನೀ ಮುಚ್ಚತೀ. ನೀ ತೆರೀಬಹುದೂ ಹೌದಿಲ್ಲೋ?"

"ಹೌದ್ರೀ," ಎಂದಳು ಹುಡುಗಿ.

"ನೀ ಹೇಳದಿದ್ರ ನಾ ಸಾಯತಿದ್ದೆ. ನಿನಗ ಒಳ್ಳೇದಾಗಲಿ. ಆದ್ರ ಇದು ನನಗ ಬ್ಯಾಡವ್ವ."

ಡಾಕ್ಟರಮ್ಮ ಚಿಮ್ಮಟಿಗೆಯಿಂದ ಕಡ್ಡಿ ತೆಗೆದಳು. ಮತ್ತೆ ಅದೇ ಮಾತುಕತೆ ಶುರುವಾಯಿತು, ಚಾಪೆಯ ಬದಲು ಮಂಚ. ಈ ಸಲ ಹಾಲವ್ವ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿದಳು: ಇದು ಯಾರ ಮಾತು ಕೇಳುತ್ತದೆ? ಮೂರು ತಿಂಗಳಿಗೊಮ್ಮೆ ಚುಚ್ಚುವ ಹಳೆಯ ಥರದ ಸೂಜಿ ಯಾರ ಮಾತೂ ಕೇಳುವುದಿಲ್ಲವೆಂದು ತಿಳಿದ ಮೇಲೆ, "ಹಂಗಾರ ಅದನ್ನ ಚುಚ್ಚರಿ," ಎಂದಳು.

ಗುಡ್ಡಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಬೆನ್ನಿನಿಂದಲೇ ಕೇಳಿದ: "ಗಂಡಸರದು... ಅದಾದ ಮ್ಯಾಲ ಪೈಪು ಎತ್ತಬಹುದೇನ್ರಿ?"

"ಒಂದು ವಾರ ಬಿಟ್ಟು ಎಷ್ಟು ಬೇಕಾದರೂ ಎತ್ತು."

"ಮತ್ತ... ಉಳಿದದ್ದೆಲ್ಲ?"

"ಎಲ್ಲಾ ಮೊದಲಿನ ಹಾಗೇ. ಬೀಜದ ದಾರಿ ಮಾತ್ರ ಮುಚ್ಚುತ್ತದೆ. ಆದರೆ ಮೂರು ತಿಂಗಳು ತಡೆದು ಪರೀಕ್ಷೆ ಮಾಡಿಸಬೇಕು. ಅಲ್ಲಿತನಕ ಇವಳ ಸೂಜಿ ಇರಲಿ."

ಅವನು ಕಾಗದ ಇಸಿದುಕೊಂಡು ಸಹಿ ಹಾಕಿದ. ಹೆಸರು ಎರಡು ಸಾಲಿಗೆ ಇಳಿಯಿತು. ಇಷ್ಟು ಸಣ್ಣದಕ್ಕೆ ಎರಡು ವರ್ಷ ಅಂಜಿದೆನೆ ಎಂದು ಅವನು ಅನ್ನಲಿಲ್ಲ. ಅವಳೂ ಅನ್ನಲಿಲ್ಲ. ಮೂರು ತಿಂಗಳು ಎಂಬ ಮಾತು ಮಾತ್ರ ಅವಳ ಎದೆಯಲ್ಲಿ ಕೂತಿತು. ಅಷ್ಟು ದಿನ ಅವನು ಹಾಸಿಗೆಯಲ್ಲಿ ಮಗ್ಗುಲಾದರೂ ತನಗೆ ಎಚ್ಚರವಾಗುತ್ತದೆಂದು ಅವಳಿಗೆ ಗೊತ್ತಿತ್ತು.

*

ಹಸ್ತ ಮಳೆ ಹುಯ್ದು ಹೊಳವಾದ ಒಂದು ಬೆಳಿಗ್ಗೆ ಹಾಲವ್ವ ದಾರದ ಉಂಡೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬೀರವ್ವನ ಹೊಲಕ್ಕೆ ಹೋದಳು. ಹತ್ತು ಗಂಟೆ ಆಗಿರಬೇಕು. ಪಟ್ಟಿಯ ಗದ್ದಲವಾದ ಮೇಲೆ ಉಳಿದವರು ಈ ಹೊಲಕ್ಕೆ ಬರುವುದನ್ನು ಬಿಟ್ಟಿದ್ದರು. ಸಾವಂತ್ರವ್ವ ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಉದ್ದಕ್ಕೂ ಕೆಂಪು ಕೊಳವೆಗಳು ಕಾಯುತ್ತ ನಿಂತಿದ್ದವು. ಬೀರವ್ವ ಒಬ್ಬಳೇ ಮೂರನೇ ಸಾಲಿನಲ್ಲಿ ಬಾಗಿದ್ದಳು.

"ಮುಯ್ಯಿಗೆ ಬಂದೀನಿ," ಎಂದಳು ಹಾಲವ್ವ ಬದುವಿನ ಮೇಲೆ ನಿಂತು. "ಇವತ್ತಿಂದ ಹನ್ನೊಂದ ದಿನಾ."

ಬೀರವ್ವ ಒಂದು ಹೂವಿಗೆ ಗಂಡುಹೂವು ಸವರಿದಳು. ದಾರ ಕಟ್ಟಿದಳು. ಮುಂದಿನದಕ್ಕೆ ಸರಿದಳು.

"ಹೊತ್ತು ಏರೇತಿ ಬೀರಿ. ಒಬ್ಬಾಕಿ ಕೈಲೆ ಮುಗಿಯಂಗಿಲ್ಲ. ಆ ಕಡೆ ಬುಟ್ಟಿ ಕೊಡು."

"ಮೈ ಹೆಂಗೈತಿ?" ಎಂದಳು ಬೀರವ್ವ, ತಲೆ ಎತ್ತದೆ.

"ಅಡ್ಡಿಯಿಲ್ಲ. ನಿಂದು?"

"ತೆರದಾರಂತ ಈಗ. ಅವರು ಹೇಳತಾರ. ನನಗೇನ ಕಾಣತೈತಿ ಒಳಗ?" ಅವಳು ತೋಳು ಉಜ್ಜಿಕೊಂಡಳು. "ದಿನಾ ಅಂಜಿಕಿ."

ಹಾಲವ್ವ ಬದು ಇಳಿದು ಗಂಡುಹೂವಿನ ಬುಟ್ಟಿಗೆ ಕೈ ಹಾಕಿದಳು. ಆಗ ಬೀರವ್ವ ನೆಟ್ಟಗೆ ನಿಂತು ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಸಿಟ್ಟಿನಿಂದಲ್ಲ. ಮಗು ಎತ್ತಿಕೊಂಡ ಹಾಗೆ.

"ಆ ಹನ್ನೊಂದ ದಿನಾ ಹಂಗ ಇರಲಿ ಹಾಲಿ. ನೀ ತೀರಿಸಿದಿ ಅಂದ್ರ ನಾ ನಿನಗ ಮಾಫಿ ಮಾಡಿದಂಗ ಆಕ್ಕೈತಿ. ನೀ ತಪ್ಪು ಮಾಡಿಲ್ಲಂತ ನನಗ ಗೊತ್ತೈತಿ. ಗೊತ್ತಿದ್ರೂ ಆಗವಲ್ದು. ಹೋಗು."

ಈ ಊರಿನಲ್ಲಿ ಮುಯ್ಯಿಗೆ ಬಂದವರನ್ನು ಹೊಲದಿಂದ ತಿರುಗಿ ಕಳಿಸಿದ್ದು ಯಾರೂ ಕಂಡಿರಲಿಲ್ಲ. ಹಾಲವ್ವ ಎಷ್ಟು ಸಾಲು ಉಳಿದಿವೆಯೆಂದು ಕಣ್ಣಲ್ಲೇ ಎಣಿಸಿದಳು. ಹದಿನಾರು. ಹನ್ನೆರಡಾಗಲು ಎರಡು ತಾಸು ಇರಲಿಲ್ಲ. ದಾರದ ಉಂಡೆಯನ್ನು ಬದುವಿನ ಮೇಲೆ ಇಡಹೋಗಿ, ಅದನ್ನೂ ಬೀರವ್ವ ಮುಟ್ಟಲಿಕ್ಕಿಲ್ಲವೆಂದು ಅನ್ನಿಸಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯ ದಾರಿ ಹಿಡಿದಳು.